ಅನ್ನ, ಸಾರಿನ ಜೋಡಿಯ ಗುಟ್ಟು

ಉಂಡ ಬೇಳೆ ಸಾರು ರಕ್ತವಾಗುವುದು ಹೇಗೆ? ಬೇಳೆಯಲ್ಲಿರುವ ಸಸಾರಜನಕ, ಅಂದರೆ ಪ್ರೋಟೀನು, ಇದ್ದ ಹಾಗೆಯೇ ಮೈಗೆ ಹತ್ತುವುದಿಲ್ಲ. ಜಠರ ಮತ್ತು ಸಣ್ಣ ಕರುಳಿನ ಜೀರ್ಣರಸಗಳು ಅದನ್ನು ಅಮೈನೊ ಆಮ್ಲಗಳೆಂಬ ಬಿಡಿ ಮಣಿಗಳಾಗಿ ಒಡೆಯುತ್ತವೆ. ರಕ್ತದ ಮೂಲಕ ಬಂದ ಈ ಮಣಿಗಳನ್ನು ಜೀವಕೋಶಗಳು ಹೊಸ ಕ್ರಮದಲ್ಲಿ ಪೋಣಿಸಿ ತಮಗೆ ಬೇಕಾದ ಪ್ರೋಟೀನುಗಳನ್ನು ಕಟ್ಟಿಕೊಳ್ಳುತ್ತವೆ. ಯಾವ ಮಣಿಯ ಮುಂದೆ ಯಾವುದು ಎಂಬ ಸೂಚನೆ ಡಿಎನ್‌ಎಯಲ್ಲಿ ಅಡಗಿದೆ. ಇನ್ಸುಲಿನ್‌ನಲ್ಲಿ 51 ಮಣಿಗಳಿದ್ದರೆ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿ 574 ಇವೆ. ಆದರೆ ಮಣಿಗಳ ಬಗೆ ಮಾತ್ರ ಇಪ್ಪತ್ತೇ!

ಗಾಳಿಯ ಇಂಗಾಲ, ಮಣ್ಣಿನ ಸಾರಜನಕ ಬಳಸಿ ಗಿಡಗಳು ಈ ಇಪ್ಪತ್ತನ್ನೂ ತಾವೇ ತಯಾರಿಸುತ್ತವೆ. ಮನುಷ್ಯನ ದೇಹಕ್ಕೆ ಅಷ್ಟು ಸಾಮರ್ಥ್ಯವಿಲ್ಲ. ಹನ್ನೊಂದನ್ನು ಅದು ತಯಾರಿಸಿಕೊಳ್ಳಬಲ್ಲದು. ಉಳಿದ ಒಂಬತ್ತು ಆಹಾರದಿಂದಲೇ ಬರಬೇಕು. ಇವೇ ‘ಅವಶ್ಯಕ ಅಮೈನೊ ಆಮ್ಲಗಳು’. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ 1940ರ ದಶಕದಲ್ಲಿ ಆರೋಗ್ಯವಂತ ಯುವಕರ ಆಹಾರದಿಂದ ಒಂದೊಂದೇ ಅಮೈನೊ ಆಮ್ಲವನ್ನು ತೆಗೆದು ಪರೀಕ್ಷಿಸಿ, ಇಂಥ ಎಂಟನ್ನು ಗುರುತಿಸಿದರು. ಹಿಸ್ಟಿಡಿನ್ ಎಂಬ ಒಂಬತ್ತನೆಯದು ಆಮೇಲೆ ಸೇರಿತು.

ಒಂಬತ್ತರಲ್ಲಿ ಒಂದೇ ಒಂದು ಕಡಿಮೆಯಾದರೂ ಸರ ಪೋಣಿಸುವ ಕೆಲಸ ಕುಂಟುತ್ತದೆ. ಮಿಕ್ಕ ಮಣಿಗಳು ಎಷ್ಟಿದ್ದರೂ ಪ್ರಯೋಜನವಿಲ್ಲ. ಕೊಬ್ಬನ್ನು ಕೂಡಿಡುವಂತೆ ಅಮೈನೊ ಆಮ್ಲಗಳನ್ನು ಕೂಡಿಡಲು ದೇಹದಲ್ಲಿ ಉಗ್ರಾಣವೂ ಇಲ್ಲ. ಹೆಚ್ಚಾದದ್ದು ಶಕ್ತಿಗಾಗಿ ಉರಿದುಹೋಗುತ್ತದೆ, ಇಲ್ಲವೇ ಕೊಬ್ಬಾಗುತ್ತದೆ. ಬೆಳೆಯುವ ಮಕ್ಕಳಿಗೆ ಇವು ದಿನವೂ ಬೇಕೆನ್ನುವುದು ಇದಕ್ಕೇ.

ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಆದರೆ ಅಲ್ಲಿ ಮೆಥಿಯೊನಿನ್ ಕೊರತೆ. ಅದು ಧಾನ್ಯಗಳಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಅನ್ನ–ತೊವ್ವೆ, ಮುದ್ದೆ–ಹುರುಳಿ ಸಾರು, ಅಕ್ಕಿ–ಉದ್ದಿನ ಇಡ್ಲಿ ಎಲ್ಲದರಲ್ಲೂ ಇದೇ ಲೆಕ್ಕ. ಎರಡೂ ಒಂದೇ ತುತ್ತಿನಲ್ಲಿರಬೇಕೆಂದಿಲ್ಲ, ದಿನದ ಊಟದಲ್ಲಿದ್ದರೆ ಸಾಕು. ಹಾಲು, ಮೊಟ್ಟೆ, ಮೀನಿನಲ್ಲಂತೂ ಒಂಬತ್ತೂ ಸಾಕಷ್ಟಿವೆ.

ಪರೀಕ್ಷೆಯ ದಿನಗಳಲ್ಲಿ ಬಿಸ್ಕತ್ತು, ಚಿತ್ರಾನ್ನದಲ್ಲೇ ಊಟ ಮುಗಿಸುವ ಮಕ್ಕಳಿದ್ದಾರೆ. ಹೊಟ್ಟೆಯೇನೋ ತುಂಬುತ್ತದೆ; ಮಣಿಗಳು ಸಾಲುವುದಿಲ್ಲ. ತಿಳಿಸಾರಿನಲ್ಲೂ ಅವು ಸಿಗುವುದು ಅಷ್ಟಕ್ಕಷ್ಟೆ. ಬಡಿಸುವ ಮುನ್ನ ಸೌಟನ್ನು ತಳದವರೆಗೆ ಇಳಿಸಿ ಕಲಕುವುದು ಒಳ್ಳೆಯದು. ಬೇಳೆ ಇರುವುದು ಅಲ್ಲೇ.