ದಾಲ್ ಮಿಲ್‌ಗಳಲ್ಲಿ ತಂತಿರಹಿತ ಸಂವೇದಕಗಳು

ಭೀಮಾ ತೀರದ ಸೊನ್ನದ ಆಸುಪಾಸು, ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳ ತೊಗರಿಯೇ ಕಲಬುರಗಿಯ ದಾಲ್ ಮಿಲ್‌ಗಳ ಜೀವಾಳ. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕವೂ ದೊರೆಯಿತು. ಆದರೆ ಗಿರಣಿಯೊಳಗಿನ ಸಾಗಣೆಯಲ್ಲಿ ಸೋರುವ ಹಣದ ಲೆಕ್ಕವಿಡುವವರು ವಿರಳ.

ಶುಚಿಗೊಳಿಸುವಿಕೆ, ಸಿಪ್ಪೆ ಕೆರೆತ, ಎಣ್ಣೆ ಸವರುವಿಕೆ, ಒಣಗಿಸುವಿಕೆ, ಒಡೆಯುವಿಕೆ ಎಂದು ಒಂದೇ ಕಾಳು ಹಲವು ಬಾರಿ ಬಕೆಟ್ ಎಲಿವೇಟರ್ ಏರುತ್ತದೆ. ಮುಂದಿನ ಕಣಜ ತುಂಬಿದುದು ತಿಳಿಯದಿದ್ದರೆ ಕಾಳು ಹಿಮ್ಮುಖವಾಗಿ ಕಟ್ಟಿಕೊಂಡು ಬೆಲ್ಟ್ ಜಾರುತ್ತದೆ, ಬಿಸಿಯೇರುತ್ತದೆ. ಧಾನ್ಯದ ಧೂಳು ತೇಲುವ ಸ್ಥಳದಲ್ಲಿ ಅದು ಬೆಂಕಿಗೆ ಮಾತ್ರವಲ್ಲ, ಸ್ಫೋಟಕ್ಕೂ ದಾರಿ. ಕೋಲಿನಿಂದ ಕಣಜ ಬಡಿದು ಸದ್ದು ಕೇಳುವ ಅನುಭವಿ ಕಾರ್ಮಿಕ ರಾತ್ರಿ ಪಾಳಿಯಲ್ಲಿ ಎಲ್ಲೆಡೆ ಇರಲಾರ.

ಕಣಜದಲ್ಲೊಂದು ಮಟ್ಟ ಸಂವೇದಕ, ಎಲಿವೇಟರಿನ ಬುಡದ ರಾಟೆಗೊಂದು ವೇಗ ಸಂವೇದಕ ಅಳವಡಿಸಿದರೆ ಕಣಜ ತುಂಬಿದೊಡನೆ ಕಾಳಿನ ಹರಿವು ತಾನಾಗಿ ನಿಲ್ಲುವಂತೆ ಮಾಡಬಹುದು. ಹಳೆಯ ಕಟ್ಟಡದಲ್ಲಿ ಕೇಬಲ್ ಎಳೆಯುವ ವೆಚ್ಚ ಸಂವೇದಕದ ಬೆಲೆಯನ್ನೇ ಮೀರುವುದುಂಟು; ಬಿಸಿಲಿನ ಒಣಗು ಕಟ್ಟೆಯ ಮೇಲಂತೂ ತಂತಿ ಹಾಸುವಂತಿಲ್ಲ. ರೇಡಿಯೋ ಸಂಪರ್ಕ ಉಪಯೋಗಕ್ಕೆ ಬರುವುದು ಇಲ್ಲಿಯೇ. 865ರಿಂದ 867 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ನಿಗದಿತ ಶಕ್ತಿಮಿತಿಯಲ್ಲಿ ಪರವಾನಗಿಯಿಲ್ಲದೆ ಬಳಸಲು 2005ರಿಂದಲೇ ಅವಕಾಶವಿದೆ.

ತಗಡಿನ ಛಾವಣಿ, ಲೋಹದ ಕಣಜಗಳು ಸಂಕೇತವನ್ನು ತಡೆಯುತ್ತವೆ. ಆದುದರಿಂದ ಗಿರಣಿ ಓಡುತ್ತಿರುವಾಗಲೇ ಪರೀಕ್ಷಿಸಿ ಖರೀದಿಸುವುದು ಲೇಸು. ಧೂಳಿನ ವಲಯಕ್ಕೆ ಪ್ರಮಾಣೀಕೃತ ಉಪಕರಣವನ್ನೇ ಕೇಳಬೇಕು. ಸಂಕೇತ ಕಡಿದರೆ ಯಂತ್ರ ನಿಲ್ಲುವಂತಿರಬೇಕು, ಓಡುವಂತಲ್ಲ. ತುರ್ತು ನಿಲುಗಡೆಯ ಗುಂಡಿಗೆ ಮಾತ್ರ ಹಳೆಯ ತಂತಿಯೇ ಇರಲಿ.