ಹೊನ್ನಾವರಕ್ಕೆ ಒಬ್ಬಳೇ

“ಒಬ್ಬಳೇ ಹೋಗ್ತೀಯಾ?” ಉಮ್ಮ ಮೂರು ಸಲ ಕೇಳಿದರು. ನಾನು ಕಾರು ಓಡಿಸಲು ಕಲಿತದ್ದೇ ನಲ್ವತ್ತು ದಾಟಿದ ಮೇಲೆ. ಅವರ ಆತಂಕ ತಪ್ಪಲ್ಲ. ಕುಂದಾಪುರದಿಂದ ಹೊನ್ನಾವರಕ್ಕೆ ನೂರು ಕಿಲೋಮೀಟರೂ ಇಲ್ಲ. ನಾನು ಇಡೀ ಹಗಲು ತೆಗೆದುಕೊಂಡೆ.

ಮರವಂತೆಯಲ್ಲಿ ಎಡಕ್ಕೆ ಅರಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಆದರೆ ಮಕ್ಕಳಿಗೆ ವಾಂತಿಯಾಗದಂತೆ ನೋಡಿಕೊಳ್ಳುವುದರಲ್ಲೇ ದಾರಿ ಮುಗಿಯುತ್ತಿತ್ತು. ಈ ಸಲ ಕಾರು ಬದಿಗೆ ನಿಲ್ಲಿಸಿದೆ. ಒಂದು ಕಡೆ ಅಲೆಗಳ ಅಬ್ಬರ, ಬೆನ್ನು ತಿರುಗಿಸಿದರೆ ಸದ್ದೇ ಇಲ್ಲದ ನೀರು.

ಭಟ್ಕಳದಲ್ಲಿ ಊಟ. ಸುತ್ತಲೂ ನವಾಯತಿ ಮಾತು, ಅರ್ಧ ಅರ್ಥವಾಯಿತು.

ಹೊನ್ನಾವರದ ಆಸೆ ಹುಟ್ಟಿದ್ದು ಬಿ.ಎ. ಓದುವಾಗ. 1325ರಲ್ಲಿ ಮೊರೊಕ್ಕೊದ ಟ್ಯಾಂಜಿಯರ್‌ನಿಂದ ಒಬ್ಬರೇ ಹೊರಟ ಇಬ್ನ್ ಬತೂತಾ ಮುಂದೆ ಇಲ್ಲಿಗೂ ಬಂದಿದ್ದರು. ಇಲ್ಲಿನ ಹೆಂಗಸರಿಗೆಲ್ಲ ಕುರ್‌ಆನ್ ಕಂಠಪಾಠ, ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವರು ದಾಖಲಿಸಿದ್ದಾರೆ.

ಶರಾವತಿಯ ದಡದಲ್ಲಿ ಕುಳಿತೆ. ಜೋಗದಲ್ಲಿ ಧುಮುಕಿ ಬಂದ ನದಿ ಕಡಲು ಸೇರುವ ಇಲ್ಲಿ ಎಷ್ಟು ಅಗಲ, ಎಷ್ಟು ನಿಧಾನ! ಆ ಹದಿಮೂರು ಶಾಲೆಗಳು ಯಾವ ಬೀದಿಯಲ್ಲಿದ್ದವೋ? ಕಳೆದ ವರ್ಷ ಹತ್ತನೇ ತರಗತಿಗೇ ಓದು ನಿಲ್ಲಿಸಿದ ನನ್ನ ವಿದ್ಯಾರ್ಥಿನಿ ನೆನಪಾದಳು. “ಕಾಲೇಜು ದೂರ, ಟೀಚರ್. ಒಬ್ಬಳೇ ಹೇಗೆ ಹೋಗ್ತಾಳೆ?” ಎಂದಿದ್ದರು ಅವಳ ತಂದೆ. ಆಗ ನಾನು ತಲೆಯಾಡಿಸಿ ಬಂದುಬಿಟ್ಟಿದ್ದೆ.

ಊರಿಗೆ ಮರಳಿದ ಮರುದಿನವೇ ಅವರ ಮನೆಗೆ ಹೊರಟೆ. ಪಕ್ಕದ ಸೀಟಿನಲ್ಲಿ ಉಮ್ಮ ಇದ್ದರು.