ವಿಹಾರನೌಕೆಗಳ ದರ್ಜೆ: ನೋಟವೊಂದು, ಲೆಕ್ಕವೊಂದು

ಮುಂಬಯಿ ಬಂದರಿನಿಂದ ಗೋವೆ, ಲಕ್ಷದ್ವೀಪಗಳತ್ತ ಹೊರಡುವ ವಿಹಾರನೌಕೆಗಳ ಜಾಹೀರಾತನ್ನು ನಮ್ಮ ವಾಚಕ ಬಂಧುಗಳು ಕಂಡಿರಬಹುದು. ನಾಲ್ಕು ಕಾಸು ಕೂಡಿಟ್ಟು ಸಂಸಾರಸಮೇತ ಒಮ್ಮೆ ಸಮುದ್ರಯಾನ ಮಾಡಿ ಬರಬೇಕೆಂಬ ಗುಮಾಸ್ತರು ನಮ್ಮಲ್ಲಿದ್ದಾರೆ. ಹೋಟೆಲಿನ ಕೆಲಸ ಬಿಟ್ಟು ಹಡಗಿನ ಕೆಲಸಕ್ಕೆ ಸೇರಬೇಕೆಂಬ ತರುಣರೂ ಇದ್ದಾರೆ. ಹಡಗಿನ ದರ್ಜೆಯನ್ನು ಅಳೆಯುವ ಬಗೆ ಈ ಇಬ್ಬರಿಗೂ ತಿಳಿದಿರುವುದು ಲೇಸು.

ಗಾತ್ರವೇ ದರ್ಜೆಯೆಂದು ಭಾವಿಸುವುದು ಸಲ್ಲದು. ಹಡಗಿನ ಗಾತ್ರವನ್ನು ಗ್ರಾಸ್ ಟನ್ ಎಂಬ ಮಾನದಿಂದ ಹೇಳುವರು. ಇದು ತೂಕವಲ್ಲ, ಹಡಗಿನೊಳಗಿನ ಒಟ್ಟು ಅವಕಾಶದ ಅಳತೆ. ಇದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗವೆಂಬುದು ದೊರೆಯುತ್ತದೆ. ಪ್ರಯಾಣಿಕರನ್ನು ನೌಕರರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ನೌಕರನ ಪಾಲಿಗೆ ಎಷ್ಟು ಮಂದಿಯೆಂಬುದು ದೊರೆಯುತ್ತದೆ. ಹಲವು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತ ನಮಗೆ ಈ ಲೆಕ್ಕ ಹೊಸದಲ್ಲ. ಮೇಜುಗಳ ನಡುವೆ ಅಂತರವೆಷ್ಟು, ಒಬ್ಬ ಮಾಣಿಗೆ ಮೇಜುಗಳೆಷ್ಟು ಎಂಬುದರ ಮೇಲಲ್ಲವೇ ಹೋಟೆಲಿನ ದರ್ಜೆ ನಿಲ್ಲುವುದು!

ಮೊದಲು ನಮ್ಮ ಬಂದರಿನ ಹಡಗನ್ನೇ ನೋಡೋಣ. ಕಾರ್ಡೀಲಿಯಾ ಸಂಸ್ಥೆಯು 2021ರಲ್ಲಿ ಮುಂಬಯಿಯಿಂದ ಯಾನಕ್ಕೆ ಬಿಟ್ಟ 'ಎಂಪ್ರೆಸ್' ಹಡಗು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಲ್ಪಟ್ಟದ್ದು. ಗಾತ್ರ ಸುಮಾರು 48,500 ಗ್ರಾಸ್ ಟನ್. ಕೋಣೆಗೆ ಇಬ್ಬರಂತೆ ಸುಮಾರು 1,600 ಮಂದಿ, ಅಂದರೆ ತಲೆಗೆ 30 ಟನ್. ಈಜುಕೊಳ, ನಾಟಕಶಾಲೆ, ಜೂಜುಶಾಲೆಗಳಿವೆ. ಎರಡು ಮೂರು ದಿನದ ವಿನೋದಕ್ಕೆ ಇದು ಸಾಲದೆನ್ನಲಾಗದು.

ಇನ್ನು ಜಗತ್ತಿನ ಮಹಾನೌಕೆಗಳು. ರಾಯಲ್ ಕೆರಿಬಿಯನ್ ಸಂಸ್ಥೆಯ 'ಐಕಾನ್ ಆಫ್ ದಿ ಸೀಸ್' 2024ರ ಜನವರಿಯಲ್ಲಿ ಯಾನ ಆರಂಭಿಸಿತು. 20 ಅಂತಸ್ತು, 2,48,663 ಗ್ರಾಸ್ ಟನ್, 7 ಈಜುಕೊಳ, ನೀರಿನ 6 ಜಾರುಬಂಡೆ, ಮಂಜಿನ ಮೇಲೆ ಜಾರುವ ಆಟದ ಅಂಗಣ! ಕೋಣೆಗೆ ಇಬ್ಬರಂತೆ 5,610 ಪ್ರಯಾಣಿಕರು, 2,350 ನೌಕರರು. ತಲೆಗೆ 44 ಟನ್ ಬೀಳುತ್ತದೆ. ಮಕ್ಕಳುಮರಿಗಳೊಂದಿಗೆ ಹಾಸಿಗೆಗಳೆಲ್ಲ ತುಂಬಿ 7,600 ಮಂದಿಯಾದರೆ ಅದು 33ಕ್ಕೆ ಇಳಿಯುತ್ತದೆ. ಗಾತ್ರದಲ್ಲಿ ಎಂಪ್ರೆಸ್ಸಿಗಿಂತ ಐದು ಪಾಲು ದೊಡ್ಡದು. ರಜೆಯ ದಿನಗಳಲ್ಲಿ ತಲೆಗೆ ಸಿಗುವ ಜಾಗ ಮಾತ್ರ ಅದಕ್ಕಿಂತ ಬಹಳ ಹೆಚ್ಚೇನಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, 2016ರ 'ಸೆವೆನ್ ಸೀಸ್ ಎಕ್ಸ್‌ಪ್ಲೋರರ್' 55,000 ಟನ್ನು ಮೀರಿದ ಸಣ್ಣ ಹಡಗು. ಜಾರುಬಂಡೆಗಳಿಲ್ಲ. ಆದರೆ ಪ್ರಯಾಣಿಕರು ಸುಮಾರು 750, ನೌಕರರು ಸುಮಾರು 550. ತಲೆಗೆ 73 ಟನ್ನಿಗೂ ಹೆಚ್ಚು ಜಾಗ. ನಾಲ್ವರು ಅತಿಥಿಗಳಿಗೆ ಮೂವರು ನೌಕರರು. ಪಾನೀಯ, ದಡದ ಮೇಲಿನ ತಿರುಗಾಟ, ಕೊನೆಗೆ ಭಕ್ಷೀಸೂ ಟಿಕೇಟಿನ ದರದಲ್ಲಿಯೇ ಸೇರಿರುವುದು. ಉಚ್ಚ ದರ್ಜೆಯೆಂದರೆ ಇದು.

ಒಂದೇ ಹಡಗಿನಲ್ಲಿ ಹಲವು ದರ್ಜೆಗಳೂ ಉಂಟು. 2004ರಲ್ಲಿ ಯಾನ ಆರಂಭಿಸಿದ 'ಕ್ವೀನ್ ಮೇರಿ 2' ಹಡಗಿನಲ್ಲಿ ಗ್ರಂಥಾಲಯ, ತಾರಾಲಯಗಳು ಎಲ್ಲರಿಗೂ ತೆರೆದಿವೆ; ಊಟದ ಮನೆ ಮಾತ್ರ ಕೊಂಡ ಕೋಣೆಯನ್ನನುಸರಿಸಿ ಬ್ರಿಟಾನಿಯಾ, ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್ ಎಂದು ಬೇರೆಬೇರೆ. ಹಳೆಯ ಕಾಲದ ಒಂದನೆ, ಎರಡನೆ, ಮೂರನೆಯ ತರಗತಿಗಳು ಹೆಸರು ಬದಲಿಸಿಕೊಂಡು ಊಟದ ಮೇಜಿನ ಮೇಲೆ ಇನ್ನೂ ಉಳಿದಿವೆ.

ಈ ಎಲ್ಲ ದರ್ಜೆಗಳ ಕೆಳಗೆ, ಜಾಹೀರಾತಿನಲ್ಲಿ ಕಾಣದ ಇನ್ನೊಂದು ದರ್ಜೆಯಿದೆ: ಬಡಿಸುವವರದು, ಹಾಸಿಗೆ ಮಡಿಸುವವರದು, ಪಾತ್ರೆ ತೊಳೆಯುವವರದು. ಅವರ ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ವಾರದ ರಜೆಯೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಕೋಣೆಯಲ್ಲಿ ಜೊತೆಗೊಬ್ಬರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆಂಬ ಮಾತನ್ನು ನಮ್ಮ ತರುಣರು ಮರೆಯಬಾರದು.

ಹಾಗೆಂದು ಆ ಕೆಲಸ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ರಕ್ಷಣೆ ಇದೆ, ಅದನ್ನು ತಿಳಿದು ಹೋಗಿರಿ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 2015ರಲ್ಲಿ ಸಮ್ಮತಿ ನೀಡಿದೆ. ಕೆಲಸದ ವೇಳೆಗೆ ಅದು ಎರಡು ಮಿತಿಗಳನ್ನು ಹೇಳುತ್ತದೆ. ಒಂದು, ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಳನ್ನು ದುಡಿಮೆ ಮೀರಬಾರದು. ಇನ್ನೊಂದು, ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆಗಳಿಗೆ ವಿಶ್ರಾಂತಿ ಕಡಿಮೆಯಾಗಬಾರದು. ಇವೆರಡರಲ್ಲಿ ಒಂದನ್ನು ಆಯಾ ದೇಶ ಜಾರಿಗೆ ತರಬೇಕು. ಎಲ್ಲಕ್ಕೂ ಮುಖ್ಯವಾದುದೆಂದರೆ, ಕೆಲಸ ಕೊಡಿಸಲು ಏಜೆಂಟನು ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟು, ನಾವಿಕರ ಸರಕಾರಿ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚು ಮಾತ್ರ ಅಭ್ಯರ್ಥಿಯದು. ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು. ಆ ಕಚೇರಿ ಮುಂಬಯಿಯಲ್ಲಿಯೇ ಇದೆ; ವಿಚಾರಿಸಿದರೆ ನಷ್ಟವಿಲ್ಲ.

ಆದುದರಿಂದ ಟಿಕೇಟು ಕೊಳ್ಳುವವರು ತಲೆಗೆಷ್ಟು ಜಾಗವೆಂದು ಕೇಳಲಿ. ಕೆಲಸಕ್ಕೆ ಹೊರಟವರು ತಮ್ಮ ಪಾಲಿಗೆಷ್ಟು ಅತಿಥಿಗಳು, ವಿಶ್ರಾಂತಿಯೆಷ್ಟು ಎಂದು ಕೇಳಲಿ. ಊರಿನ ಮನೆ, ಗದ್ದೆ ಅಡವಿಟ್ಟು ಯಾರ ಕೈಗೂ ಹಣ ಸುರಿಯದಿರಲಿ ಎಂಬುದೇ ನಮ್ಮ ಬಿನ್ನಹ.